ನಲವತ್ತು ದಾಟಿದ ಮೇಲೆ ವಾರ್ಡ್ ಡ್ಯೂಟಿ: ಮೈ ಉಳಿಸಿಕೊಂಡು ದುಡಿಯುವ ಬಗೆ

ಕರ್ನಾಟಕದ ಸರ್ಕಾರಿ ಆಸ್ಪತ್ರೆಯಲ್ಲಿ ದುಡಿಯುವ ಶುಶ್ರೂಷಾಧಿಕಾರಿಯ ನಿವೃತ್ತಿ ವಯಸ್ಸು 60. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಅಥವಾ ಬಿಎಸ್ಸಿ ನರ್ಸಿಂಗ್ ಮುಗಿಸಿ ಇಪ್ಪತ್ತರ ಹರೆಯದಲ್ಲಿ ವಾರ್ಡಿಗೆ ಬಂದವರು 45 ತಲುಪುವ ಹೊತ್ತಿಗೆ ಅವರ ಬೆನ್ನು, ಮಂಡಿ, ಹಿಮ್ಮಡಿಗಳು ಎರಡು ದಶಕದ ದುಡಿಮೆಯನ್ನು ಆಗಲೇ ಹೊತ್ತಿರುತ್ತವೆ. ಆದರೂ ಮುಂದೆ 15 ವರ್ಷಗಳ ಸೇವೆ ಬಾಕಿ ಇರುತ್ತದೆ. ಖಾಸಗಿ ಆಸ್ಪತ್ರೆಗಳಲ್ಲಿ, ಅದರಲ್ಲೂ 12 ಗಂಟೆಯ ಪಾಳಿ ಇರುವ ಕಡೆಗಳಲ್ಲಿ, ಮೈಮೇಲಿನ ಹೊರೆ ಇನ್ನೂ ಹೆಚ್ಚು. ಈ ಬರಹ ಅಂಥ ನಡುವಯಸ್ಸಿನ ಸಿಸ್ಟರ್‌ಗಳಿಗೆ ಮತ್ತು ಬ್ರದರ್‌ಗಳಿಗೆ. ಇಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಒಂದೇ: ಕೆಲಸ ಮಾಡುವ ರೀತಿಯನ್ನು ನೋವು ಬಂದ ಮೇಲಲ್ಲ, ಮೈ ಇನ್ನೂ ಗಟ್ಟಿಯಾಗಿರುವಾಗಲೇ ಬದಲಾಯಿಸಿಕೊಳ್ಳಬೇಕು, ಆ ಬದಲಾವಣೆ ರೋಗಿಯನ್ನು ತೋಳಿನಲ್ಲಿ ಎತ್ತುವ ಅಭ್ಯಾಸವನ್ನು ಬಿಡುವುದರಿಂದ ಶುರುವಾಗಬೇಕು.

ಮೊದಲು ದೇಹದಲ್ಲಿ ಆಗುವುದನ್ನು ತಿಳಿದುಕೊಳ್ಳೋಣ. ಮೂವತ್ತು ದಾಟಿದ ಮೇಲೆ, ವ್ಯಾಯಾಮವಿಲ್ಲದಿದ್ದರೆ, ಪ್ರತಿ ದಶಕಕ್ಕೆ ಸ್ನಾಯುವಿನ ರಾಶಿ ಶೇ. 3ರಿಂದ 8ರಷ್ಟು ಕರಗುತ್ತದೆ. ಬೆನ್ನುಮೂಳೆಯ ಡಿಸ್ಕ್‌ಗಳಲ್ಲಿ ನೀರಿನ ಅಂಶ ಕಡಿಮೆಯಾಗಿ ಅವು ಒತ್ತಡವನ್ನು ಮೊದಲಿನಂತೆ ತಾಳಲಾರವು. ನಮ್ಮ ದೇಶದ ಹೆಂಗಸರಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46–47ರ ಆಸುಪಾಸು. ಅದಕ್ಕೆ ಮುಂಚಿನ ಕೆಲವು ವರ್ಷಗಳಲ್ಲೇ ಅತಿಯಾದ ರಕ್ತಸ್ರಾವ, ನಿದ್ದೆಗೆಡುವುದು, ಕೀಲುಗಳ ಬಿಗಿತ, ಮೈ ಬಿಸಿಯೇರುವುದು ಶುರುವಾಗಬಹುದು. ಇದೇ ವಯಸ್ಸಿನಲ್ಲಿ ಥೈರಾಯ್ಡ್ ಕೊರತೆ ಮತ್ತು ರಕ್ತಹೀನತೆಯೂ ಹೆಂಗಸರಲ್ಲಿ ಸಾಮಾನ್ಯ. ಆದ್ದರಿಂದ 'ವಯಸ್ಸಾಯಿತು, ಸುಸ್ತು' ಎಂದು ಸುಮ್ಮನಿರುವ ಮೊದಲು ವರ್ಷಕ್ಕೊಮ್ಮೆ ಹಿಮೋಗ್ಲೋಬಿನ್, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಸಕ್ಕರೆ ಮತ್ತು ರಕ್ತದೊತ್ತಡ ನೋಡಿಸಿಕೊಳ್ಳಿ. ದಿನವಿಡೀ ಇತರರ ಬಿಪಿ ನೋಡುವವರು ತಮ್ಮದನ್ನು ನೋಡಿಕೊಳ್ಳದೆ ವರ್ಷಗಳನ್ನು ಕಳೆಯುವುದು ನಮ್ಮ ವೃತ್ತಿಯಲ್ಲಿ ಬಹಳ ಇದೆ.

ಎತ್ತಬೇಡಿ, ಜಾರಿಸಿ

ಕೆಲಸದ ಜಾಗದ ಸುರಕ್ಷತೆಯನ್ನು ಅಧ್ಯಯನ ಮಾಡುವ ಅಮೆರಿಕದ ಸರ್ಕಾರಿ ಸಂಸ್ಥೆ ನಯೋಶ್ 1991ರಲ್ಲಿ ಪರಿಷ್ಕರಿಸಿದ ಸೂತ್ರದ ಪ್ರಕಾರ, ಎಲ್ಲ ಪರಿಸ್ಥಿತಿಯೂ ಅನುಕೂಲವಾಗಿದ್ದಾಗ, ಹಿಡಿಕೆ ಇರುವ ಪೆಟ್ಟಿಗೆಯನ್ನು ಮೈಗೆ ಒತ್ತಿಕೊಂಡು ಎತ್ತಬಹುದಾದ ಗರಿಷ್ಠ ಭಾರ 23 ಕಿಲೋ. ರೋಗಿ ಪೆಟ್ಟಿಗೆಯಲ್ಲ, ಅವರಿಗೆ ಹಿಡಿಕೆಯಿಲ್ಲ, ಅವರು ನೋವಿನಿಂದ ಥಟ್ಟನೆ ಹೊರಳುತ್ತಾರೆ, ಮಂಚದ ನಡುವೆ ಮಲಗಿರುವುದರಿಂದ ನಮ್ಮ ಮೈಯಿಂದ ದೂರವಿರುತ್ತಾರೆ. ಹೀಗಾಗಿ ಅದೇ ಸಂಸ್ಥೆಯ ಸಂಶೋಧಕ ಥಾಮಸ್ ವಾಟರ್ಸ್ 2007ರಲ್ಲಿ ರೋಗಿಗಳ ವಿಷಯದಲ್ಲಿ ಆ ಮಿತಿಯನ್ನು 35 ಪೌಂಡ್‌ಗೆ, ಅಂದರೆ ಸುಮಾರು 16 ಕಿಲೋಗೆ ಇಳಿಸಿ ಸೂಚಿಸಿದರು. ಇದರ ಅರ್ಥ ವಾರ್ಡಿನಲ್ಲಿ ಏನೆಂದು ನೋಡಿ: 70 ಕಿಲೋ ತೂಕದ ರೋಗಿಯ ಒಂದು ಕಾಲೇ 11 ಕಿಲೋದಷ್ಟು ತೂಗುತ್ತದೆ. ಡ್ರೆಸ್ಸಿಂಗ್‌ಗಾಗಿ ಒಂದು ಕಾಲನ್ನು ಒಂದೇ ಕೈಯಲ್ಲಿ ಎತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಬ್ಯಾಂಡೇಜ್ ಸುತ್ತುವಾಗ ನಾವು ಮಿತಿಯ ಅಂಚಿನಲ್ಲಿರುತ್ತೇವೆ. ಇಡೀ ರೋಗಿಯನ್ನು ಇಬ್ಬರು ಎತ್ತುವುದೆಂದರೆ ಆ ಮಿತಿಯ ಎರಡು ಪಟ್ಟಿಗಿಂತ ಹೆಚ್ಚು ಭಾರವನ್ನು ಒಬ್ಬೊಬ್ಬರೂ ಹೊತ್ತಂತೆ.

ಕಾಲೇಜಿನಲ್ಲಿ ಎಲ್ಲರಿಗೂ ಬಾಡಿ ಮೆಕ್ಯಾನಿಕ್ಸ್ ಕಲಿಸಿರುತ್ತಾರೆ: ಮಂಡಿ ಮಡಿಸಿ, ಬೆನ್ನು ನೆಟ್ಟಗಿಡಿ. ಅದು ತಪ್ಪಲ್ಲ, ಆದರೆ ಸಾಲದು. ಎತ್ತುವ ಭಂಗಿಯನ್ನಷ್ಟೇ ಕಲಿಸಿ, ಎತ್ತುವ ಭಾರವನ್ನು ಹಾಗೆಯೇ ಬಿಟ್ಟರೆ ಬೆನ್ನುನೋವು ಕಡಿಮೆಯಾಗುವುದಿಲ್ಲವೆಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಮರ್ಶೆಗಳು ತೋರಿಸಿವೆ. ಭಾರವನ್ನೇ ತಪ್ಪಿಸುವುದು ಬೇಕು. ದುಬಾರಿ ಎತ್ತುಯಂತ್ರಗಳು ನಮ್ಮ ಹೆಚ್ಚಿನ ಆಸ್ಪತ್ರೆಗಳಲ್ಲಿ ಇಲ್ಲದಿದ್ದರೂ ಅದು ಸಾಧ್ಯ, ಏಕೆಂದರೆ ರೋಗಿಯನ್ನು ಮೇಲಕ್ಕೆ ಎತ್ತುವ ಅಗತ್ಯ ನಿಜವಾಗಿ ಬೀಳುವುದು ಬಹಳ ವಿರಳ. ಹೆಚ್ಚಿನ ಸಂದರ್ಭಗಳಲ್ಲಿ ಅವರನ್ನು ಒಂದೇ ಮಟ್ಟದಲ್ಲಿ ಸರಿಸಿದರೆ ಸಾಕಾಗುತ್ತದೆ.

ಮಂಚದಲ್ಲಿ ಕೆಳಕ್ಕೆ ಜಾರಿರುವ ರೋಗಿಯನ್ನು ಮೇಲಕ್ಕೆ ತರುವ ಕೆಲಸವನ್ನೇ ತೆಗೆದುಕೊಳ್ಳಿ. ದಿನಕ್ಕೆ ಅತಿ ಹೆಚ್ಚು ಸಲ ಮಾಡುವ, ಅತಿ ಹೆಚ್ಚು ಬೆನ್ನು ಕೆಡಿಸುವ ಕೆಲಸ ಇದು. ಉಸಿರಾಟಕ್ಕೆ ತೊಂದರೆಯಿಲ್ಲದಿದ್ದರೆ ಮೊದಲು ಫೌಲರ್ ಕಾಟ್‌ನ ಹಿಡಿಕೆ ತಿರುಗಿಸಿ ತಲೆಯ ಕಡೆಯನ್ನು ಪೂರ್ತಿ ಕೆಳಗಿಳಿಸಿ, ಏಕೆಂದರೆ ಇಳಿಜಾರಿನಲ್ಲಿ ಮೇಲಕ್ಕೆ ಎಳೆಯುವುದು ಎತ್ತಿದಷ್ಟೇ ಭಾರ. ದಿಂಬನ್ನು ತೆಗೆದು ತಲೆಹಲಗೆಗೆ ಒರಗಿಸಿ. ರೋಗಿಯ ತಲೆಗೆ ಪೆಟ್ಟಾಗುವುದಿಲ್ಲ. ಯೂರೋ ಬ್ಯಾಗ್ (ಮೂತ್ರದ ಚೀಲ), ಡ್ರಿಪ್ ಲೈನ್, ಡ್ರೈನ್ (ಗಾಯದ ದ್ರವ ಹೊರಹೋಗುವ ನಳಿಕೆ) ಎಲ್ಲಿವೆ ಎಂದು ಒಮ್ಮೆ ಕಣ್ಣು ಹಾಯಿಸಿ. ರೋಗಿಯ ಕೆಳಗೆ ಅಡ್ಡಲಾಗಿ ಹಾಸುವ ಡ್ರಾ ಶೀಟ್ ಅವರ ಭುಜದಿಂದ ತೊಡೆಯವರೆಗೆ ಬರುವಂತಿರಲಿ. ಇಬ್ಬರೂ ಎದುರುಬದುರು ನಿಂತು ಶೀಟಿನ ಅಂಚನ್ನು ರೋಗಿಯ ಮೈಗೆ ತಾಗುವಷ್ಟು ಹತ್ತಿರ ಸುರುಳಿ ಸುತ್ತಿ, ಒಂದು ಕೈಯನ್ನು ಭುಜದ ಬಳಿ, ಇನ್ನೊಂದನ್ನು ಸೊಂಟದ ಬಳಿ ಹಿಡಿಯಬೇಕು. ಒಂದು ಪಾದ ತಲೆಹಲಗೆಯ ಕಡೆಗೆ ಮುಂದಿರಲಿ. ಎಚ್ಚರವಿರುವ ರೋಗಿಗೆ ಗದ್ದವನ್ನು ಎದೆಗೆ ತಾಗಿಸಿ, ಎರಡೂ ಮಂಡಿ ಮಡಿಸಿ, 'ಮೂರು' ಎಂದಾಗ ಹಿಮ್ಮಡಿಯಿಂದ ಒತ್ತಲು ಹೇಳಿ. ಅವರ ಈ ಒಂದು ಒತ್ತಿನಿಂದ ನಿಮ್ಮ ಅರ್ಧ ಕೆಲಸ ಮುಗಿಯುತ್ತದೆ. ಎಣಿಸಿದ ಕೂಡಲೇ ನೀವು ತೋಳಿನಿಂದ ಎಳೆಯದೆ, ಹಿಂದಿನ ಕಾಲಿನಲ್ಲಿದ್ದ ಮೈಭಾರವನ್ನು ಮುಂದಿನ ಕಾಲಿಗೆ ದಾಟಿಸಿ. ಮೊಣಕೈ ಮೈಗೆ ಅಂಟಿಯೇ ಇರಬೇಕು. ಒಂದೇ ಸಲಕ್ಕೆ ಬಾರದಿದ್ದರೆ ಎರಡು ಸಲ ಮಾಡಿ, ಅಥವಾ ಮೂರನೆಯವರನ್ನು ಕರೆಯಿರಿ.

ಶೀಟು ಮತ್ತು ಹಾಸಿಗೆಯ ನಡುವಿನ ಉಜ್ಜಾಟವೇ ಇಲ್ಲಿ ಮುಖ್ಯ ಶತ್ರು. ಜಾರುಹಾಳೆ ಎಂದು ಮಾರುವ ನುಣುಪು ಬಟ್ಟೆ ನಿಮ್ಮ ಆಸ್ಪತ್ರೆಯಲ್ಲಿ ಇದ್ದರೆ ಅದನ್ನು ಬೀರುವಿನಿಂದ ಹೊರಗೆ ತೆಗೆಸಿ. ಇಲ್ಲದಿದ್ದರೆ ಹೊಸ, ದಪ್ಪ, ದೊಡ್ಡ ಪಾಲಿಥೀನ್ ಚೀಲವೊಂದನ್ನು ಡ್ರಾ ಶೀಟಿನ ಕೆಳಗೆ ಇಟ್ಟು ಸರಿಸಿದರೆ ಬೇಕಾಗುವ ಬಲ ಎದ್ದು ಕಾಣುವಷ್ಟು ಕಡಿಮೆಯಾಗುತ್ತದೆ. ಆಪರೇಷನ್ ಥಿಯೇಟರಿನಿಂದ ಬಂದ ರೋಗಿಯನ್ನು ಟ್ರಾಲಿಯಿಂದ ಮಂಚಕ್ಕೆ ದಾಟಿಸುವಾಗ ಇದರ ಉಪಯೋಗ ಬಹಳ. ಟ್ರಾಲಿ, ಮಂಚ ಎರಡೂ ಒಂದಕ್ಕೊಂದು ತಾಗಿರಬೇಕು, ಎರಡರ ಬ್ರೇಕೂ ಬಿದ್ದಿರಬೇಕು, ಟ್ರಾಲಿ ಮಂಚಕ್ಕಿಂತ ಕೂದಲೆಳೆಯಷ್ಟಾದರೂ ಎತ್ತರವಿದ್ದರೆ ಒಳ್ಳೆಯದು. ಒಬ್ಬರು ಎಳೆದರೆ ಇನ್ನೊಬ್ಬರು ತಳ್ಳಬೇಕು; ಮಂಚದ ಆಚೆ ಬದಿಯಿಂದ ಪೂರ್ತಿ ಕೈಚಾಚಿ ಒಬ್ಬರೇ ಎಳೆಯುವುದೇ ಸೊಂಟ ಹಿಡಿಯುವುದಕ್ಕೆ ದಾರಿ. ಕೆಲಸ ಮುಗಿದ ತಕ್ಷಣ ಪಾಲಿಥೀನನ್ನು ತೆಗೆದುಬಿಡಿ, ಇಲ್ಲದಿದ್ದರೆ ರೋಗಿ ಅದರ ಮೇಲೇ ಜಾರಿ ಕೆಳಗೆ ಬೀಳುವ ಅಪಾಯವಿದೆ, ಬೆವರಿ ಚರ್ಮವೂ ಕೆಡುತ್ತದೆ. ಬೆನ್ನುಮೂಳೆಗೆ ಪೆಟ್ಟಾದ ರೋಗಿಗಳಿಗೆ ಈ ಯಾವುದನ್ನೂ ಮಾಡದೆ, ನಾಲ್ಕು ಜನ ಸೇರಿಯೇ ಲಾಗ್ ರೋಲ್ ಮಾಡಬೇಕು, ಅಂದರೆ ತಲೆ, ಬೆನ್ನು, ಕಾಲು ಒಂದೇ ನೇರದಲ್ಲಿರುವಂತೆ ಇಡೀ ಮೈಯನ್ನು ಒಟ್ಟಿಗೆ ಹೊರಳಿಸಬೇಕು.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವಾಗ ರೋಗಿಯನ್ನು ನಿಮ್ಮಿಂದ ದೂರಕ್ಕೆ ತಳ್ಳುವ ಬದಲು ನಿಮ್ಮ ಕಡೆಗೇ ಹೊರಳಿಸಿ. ಆಚೆಯ ಮಂಡಿಯನ್ನು ಮಡಿಸಿ, ಆಚೆಯ ಕೈಯನ್ನು ಎದೆಯ ಮೇಲಿಟ್ಟು, ಭುಜ ಮತ್ತು ಸೊಂಟ ಹಿಡಿದು ನೀವು ಹಿಂದಕ್ಕೆ ವಾಲಿದರೆ ಮಡಿಸಿದ ಕಾಲಿನ ಭಾರವೇ ಅವರನ್ನು ಹೊರಳಿಸುತ್ತದೆ. ನಮ್ಮ ವಾರ್ಡುಗಳಲ್ಲಿ ಪ್ರತಿ ಮಂಚದ ಬಳಿಯೂ ರೋಗಿಯ ಕಡೆಯವರು ಒಬ್ಬರು ಇದ್ದೇ ಇರುತ್ತಾರೆ. ಅವರನ್ನು ಗದರಿ ಹೊರಗೆ ಕಳಿಸುವುದಕ್ಕೆ ಬದಲು ದಾಖಲಾದ ದಿನವೇ ಹತ್ತು ನಿಮಿಷ ಕೊಟ್ಟು, 'ಅಣ್ಣ, ಹೀಗೆ ಮಂಡಿ ಮಡಿಸಿ, ಹೀಗೆ ಹೊರಳಿಸಿ' ಎಂದು ಕೈಹಿಡಿದು ಕಲಿಸಿದರೆ ಅವರು ನಿಮಗೆ ಎರಡನೆಯ ಜೋಡಿ ಕೈಯಾಗುತ್ತಾರೆ; ಮನೆಗೆ ಹೋದ ಮೇಲೆ ರೋಗಿಗೆ ಬೆಡ್‌ಸೋರ್ (ಮಲಗಿಯೇ ಇರುವುದರಿಂದ ಆಗುವ ಹುಣ್ಣು) ಆಗದಂತೆ ನೋಡಿಕೊಳ್ಳುವವರೂ ಅವರೇ. ಜವಾಬ್ದಾರಿ ಮಾತ್ರ ನಿಮ್ಮದೇ ಆಗಿರುವುದರಿಂದ ಪಕ್ಕದಲ್ಲಿ ನಿಂತು ನೋಡಿ.

ರೋಗಿಯನ್ನು ಎಬ್ಬಿಸಿ ನಿಲ್ಲಿಸುವಾಗ ಎರಡು ಅಭ್ಯಾಸಗಳನ್ನು ಪೂರ್ತಿ ಬಿಡಬೇಕು. ಕಂಕುಳಿಗೆ ಕೈಹಾಕಿ ಎತ್ತುವುದರಿಂದ ರೋಗಿಯ ಭುಜಕ್ಕೂ ನಮ್ಮ ಬೆನ್ನಿಗೂ ಹಾನಿ, ಪಾರ್ಶ್ವವಾಯು ಆದವರಲ್ಲಂತೂ ಭುಜದ ಕೀಲೇ ಜಾರಬಹುದು. ರೋಗಿ ನಮ್ಮ ಕುತ್ತಿಗೆಗೆ ಕೈಸುತ್ತಿ ಜೋತುಬೀಳುವುದು ಇನ್ನೊಂದು. ಅವರ ಕೈಯನ್ನು ನಿಮ್ಮ ಮುಂಗೈ ಮೇಲೆ ಇಡಿಸಿ. ಮಂಚದ ಅಂಚಿಗೆ ಸರಿದು ಕೂರಿಸಿ, ಪಾದಗಳನ್ನು ಮಂಡಿಗಿಂತ ಹಿಂದಕ್ಕೆ ಇಡಿಸಿ, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಲು ಹೇಳಿದರೆ ಹೆಚ್ಚಿನವರು ತಾವಾಗಿಯೇ ಏಳುತ್ತಾರೆ. ನಡೆಸುವಾಗ ರೋಗಿ ಕುಸಿದರೆ ಹಿಡಿದು ನಿಲ್ಲಿಸಲು ಹೋಗಬೇಡಿ. ಹಿಂದೆ ನಿಂತು, ಒಂದು ಕಾಲನ್ನು ಮುಂದಿಟ್ಟು, ಅವರನ್ನು ಮೈಗೆ ಒರಗಿಸಿಕೊಂಡು ಆ ತೊಡೆಯ ಮೇಲಿಂದ ನಿಧಾನವಾಗಿ ನೆಲಕ್ಕೆ ಜಾರಿಸಿ, ತಲೆಗೆ ಪೆಟ್ಟಾಗದಂತೆ ನೋಡಿಕೊಳ್ಳಿ. ಬೀಳುತ್ತಿರುವ ಮನುಷ್ಯನ ಭಾರವನ್ನು ಒಬ್ಬರ ಬೆನ್ನು ತಡೆಯಲಾರದು.

ಅರೆಬಾಗಿ ನಿಲ್ಲುವ ಹೊತ್ತು

ಬೆನ್ನುನೋವಿಗೆ ಯಾವುದೋ ಒಂದು ದಿನ ಎತ್ತಿದ ಭಾರವೇ ಕಾರಣವೆಂದು ನಾವು ನೆನಪಿಟ್ಟುಕೊಳ್ಳುತ್ತೇವೆ. ನನ್ನ ಅಭಿಪ್ರಾಯದಲ್ಲಿ ಆ ದಿನ ಕೊನೆಯ ಎಳೆ ಮಾತ್ರ. ಅದಕ್ಕೆ ಮೊದಲು ವರ್ಷಗಟ್ಟಲೆ ಅರೆಬಾಗಿ ನಿಂತು ಕ್ಯಾನ್ಯುಲಾ (ಡ್ರಿಪ್‌ಗಾಗಿ ನರಕ್ಕೆ ಹಾಕುವ ನಳಿಕೆ) ಹಾಕಿದ, ಕ್ಯಾತಿಟರ್ (ಮೂತ್ರದ ನಳಿಕೆ) ಹಾಕಿದ, ಬ್ಯಾಕ್ ಕೇರ್ (ರೋಗಿಯ ಬೆನ್ನಿನ ಆರೈಕೆ) ಕೊಟ್ಟ, ಲಾಕರಿನ ಕೆಳಖಾನೆಯಿಂದ ಸಾಮಾನು ತೆಗೆದ ಹೊತ್ತು ಬೆನ್ನನ್ನು ಸವೆಸಿರುತ್ತದೆ. ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟುಕೊಂಡು ಮನೆಯವರೆಗೆ ನಡೆಯಬಲ್ಲ ಹೆಂಗಸು ಅದೇ ಕೊಡವನ್ನು ಕೈಚಾಚಿ ಹಿಡಿದು ನಾಲ್ಕು ಹೆಜ್ಜೆ ಇಡಲಾರಳು. ಮುಂದಕ್ಕೆ ಬಾಗಿದಾಗ ನಮ್ಮ ತಲೆ, ಎದೆ, ತೋಳುಗಳೇ ಆ ಚಾಚಿದ ಕೊಡವಾಗುತ್ತವೆ, ಕೈಯಲ್ಲಿ ಏನೂ ಇಲ್ಲದಿದ್ದರೂ ಸೊಂಟದ ಸ್ನಾಯುಗಳು ಅದನ್ನು ಹೊರಬೇಕಾಗುತ್ತದೆ.

ಇದಕ್ಕೆ ಅತಿ ಸುಲಭವಾದ ಪರಿಹಾರ ಒಂದು ಸ್ಟೂಲು. ಕ್ಯಾನ್ಯುಲಾ ಹಾಕುವಾಗ, ಗಾಯ ತೊಳೆಯುವಾಗ, ಮೂಗಿನ ನಳಿಕೆಯಲ್ಲಿ ಆಹಾರ ಕೊಡುವಾಗ ಕುಳಿತುಕೊಳ್ಳಿ. 'ಡ್ಯೂಟಿಯಲ್ಲಿ ಕೂತಿದ್ದಾರೆ' ಎಂಬ ಮಾತಿಗೆ ಹೆದರಿ ನಿಂತೇ ಮಾಡುವವರು ನಮ್ಮಲ್ಲಿ ಬಹಳ ಜನ. ಆದರೆ ಕುಳಿತವರ ಕೈ ನಡುಗುವುದು ಕಡಿಮೆ, ನರ ಮೊದಲ ಚುಚ್ಚಿಗೇ ಸಿಗುವ ಸಾಧ್ಯತೆ ಹೆಚ್ಚು. ಮಂಚದ ಎತ್ತರವನ್ನು ಬದಲಿಸುವ ಸೌಕರ್ಯ ಇರುವ ಕಡೆ ಕೆಲಸಕ್ಕೆ ಮೊದಲು ಅದನ್ನು ನಿಮ್ಮ ಸೊಂಟದ ಮಟ್ಟಕ್ಕೆ ಏರಿಸಿ, ಮುಗಿದ ಮೇಲೆ ಮತ್ತೆ ಇಳಿಸಿ. ಎತ್ತರ ಬದಲಾಗದ ಕಾಟ್‌ಗಳಲ್ಲಿ ಕೆಲಸ ಮಾಡುವ ಕಡೆಯ ಸೈಡ್ ರೈಲ್ ಇಳಿಸಿ, ರೋಗಿಯನ್ನು ಮೊದಲು ನಿಮ್ಮ ಅಂಚಿಗೆ ಸರಿಸಿಕೊಂಡು, ಒಂದು ಕೈಯನ್ನು ಹಾಸಿಗೆಗೆ ಊರಿ, ಸೊಂಟದಿಂದ ಬಾಗುವ ಬದಲು ಒಂದು ಕಾಲನ್ನು ಮುಂದಿಟ್ಟು ಮಂಡಿಯನ್ನು ಮಡಿಸಿ. ಬೆಡ್ ಮೇಕಿಂಗ್ ಮಾಡುವಾಗ ಆಚೆ ಬದಿಯ ಮೂಲೆಗೆ ಕೈಚಾಚದೆ ಸುತ್ತಿಬಂದು ಮಾಡಿ. ನಾಲ್ಕು ಹೆಜ್ಜೆಯಿಂದ ಏನೂ ನಷ್ಟವಿಲ್ಲ.

ಜ್ವರದ ಕಾಲದಲ್ಲಿ ಮಂಚ ಸಾಲದೆ ನೆಲದ ಮೇಲೆ ಹಾಸಿಗೆ ಹಾಕುವ ಸ್ಥಿತಿ ದೊಡ್ಡ ಆಸ್ಪತ್ರೆಗಳಲ್ಲಿ ಇನ್ನೂ ಇದೆ. ಅಲ್ಲಿ ಸೊಂಟ ಬಗ್ಗಿಸಿಯೂ ಮಾಡಬೇಡಿ, ಪೂರ್ತಿ ಕುಕ್ಕರಗಾಲಲ್ಲಿಯೂ ಕೂರಬೇಡಿ. ನಡುವಯಸ್ಸಿನ ಮಂಡಿಚಿಪ್ಪಿಗೆ ಕುಕ್ಕರಗಾಲು ಬಹಳ ಒತ್ತಡ ಕೊಡುತ್ತದೆ. ಮಡಿಸಿದ ಬೆಡ್‌ಶೀಟೊಂದನ್ನು ನೆಲಕ್ಕಿಟ್ಟು ಅದರ ಮೇಲೆ ಒಂದು ಮಂಡಿಯೂರಿ ಕುಳಿತು ಕೆಲಸ ಮಾಡಿ, ಏಳುವಾಗ ಇನ್ನೊಂದು ತೊಡೆಯ ಮೇಲೆ ಕೈಯೂರಿ ಏಳಿ. ಸಾಮಗ್ರಿಗಳನ್ನೆಲ್ಲ ಒಂದೇ ಟ್ರೇಯಲ್ಲಿ ಜೋಡಿಸಿಕೊಂಡು ಹೋದರೆ ಪದೇಪದೇ ಎದ್ದು ಕೂರುವುದು ತಪ್ಪುತ್ತದೆ.

ಸ್ಟ್ರೆಚರ್, ವೀಲ್‌ಚೇರ್, ಡ್ರೆಸ್ಸಿಂಗ್ ಟ್ರಾಲಿಗಳನ್ನು ಎಳೆಯುವ ಬದಲು ತಳ್ಳಿ, ಮೊಣಕೈ ಮಡಿಸಿ ಮೈಭಾರ ಹಾಕಿ ತಳ್ಳಿ. ಚಕ್ರಕ್ಕೆ ಸುತ್ತಿಕೊಂಡ ದಾರ, ಕೂದಲು, ಹತ್ತಿಯನ್ನು ತೆಗೆಸಿ ಎಣ್ಣೆ ಹಾಕಿಸುವ ಕೆಲಸವನ್ನು ಗ್ರೂಪ್ ಡಿ ಸಿಬ್ಬಂದಿಗೆ ತಿಂಗಳಿಗೊಮ್ಮೆ ಹಚ್ಚಿದರೆ ಇಡೀ ವಾರ್ಡಿನ ಬೆನ್ನುಗಳಿಗೆ ಉಪಕಾರವಾಗುತ್ತದೆ. ಜಂಬೋ ಆಕ್ಸಿಜನ್ ಸಿಲಿಂಡರನ್ನು ನಡುವಯಸ್ಸಿನವರು ಅಂಚಿನ ಮೇಲೆ ಉರುಳಿಸಿಕೊಂಡು ಹೋಗಲೇಬಾರದು. ಅದು ವಾಲಿದರೆ ತಡೆಯಲು ಹೋದವರ ಕಾಲು, ಭುಜ ಎರಡೂ ಉಳಿಯುವುದಿಲ್ಲ. ಸಿಲಿಂಡರ್ ಟ್ರಾಲಿಯನ್ನೇ ತರಿಸಿ.

ಸಹಾಯ ಕೇಳುವುದು

ಹಿರಿಯ ಸಿಸ್ಟರ್‌ಗಳಲ್ಲಿ ಒಂದು ಸಂಕೋಚವಿದೆ: ನಿನ್ನೆ ಮೊನ್ನೆ ಸೇರಿದ ಹುಡುಗಿಯನ್ನು ಕರೆದರೆ 'ಮೇಡಂಗೆ ಆಗುತ್ತಿಲ್ಲ' ಎಂದುಕೊಳ್ಳುತ್ತಾರೆ ಎಂದು. ಇದನ್ನು ವೈಯಕ್ತಿಕ ಬೇಡಿಕೆಯಾಗಿ ಇಡದೆ ವಾರ್ಡಿನ ಕ್ರಮವಾಗಿ ಮಾಡಿಬಿಡಿ. ಹ್ಯಾಂಡ್‌ಓವರ್ ಸಮಯದಲ್ಲಿಯೇ ಯಾವ ಮಂಚದ ರೋಗಿಗೆ ಇಬ್ಬರು ಬೇಕು, ಯಾರಿಗೆ ಮೂವರು ಬೇಕು ಎಂಬುದನ್ನು ಹೇಳಿ ಬರೆದಿಡಿ, ಮಗ್ಗುಲು ಬದಲಿಸುವ ಸುತ್ತನ್ನು ಇಬ್ಬರು ಜೊತೆಯಾಗಿ ಒಂದೇ ಸಲಕ್ಕೆ ಮುಗಿಸಿ. ಆಗ ಕರೆಯುವ ಪ್ರಶ್ನೆಯೇ ಏಳುವುದಿಲ್ಲ. ಕಿರಿಯರಿಗೂ ಇದು ಬೇಕು, ಏಕೆಂದರೆ ಇಪ್ಪತ್ತೈದರ ಬೆನ್ನಿಗೆ ಪೆಟ್ಟಾದದ್ದು ನಲವತ್ತರಲ್ಲಿ ತಿಳಿಯುತ್ತದೆ. ವಾರ್ಡಿನಲ್ಲಿ ಒಬ್ಬರೇ ಬ್ರದರ್ ಇದ್ದರೆ ಎಲ್ಲ ಭಾರಕ್ಕೂ ಅವರನ್ನೇ ಕೂಗುವ ರೂಢಿಯನ್ನೂ ಬಿಡಬೇಕು. ಗಂಡಸಿನ ಡಿಸ್ಕ್ ಬೇರೆ ವಸ್ತುವಿನಿಂದ ಆದದ್ದಲ್ಲ.

ಕಾಲು, ಮೂತ್ರ, ಕೈ, ಕಣ್ಣು

ಬೆಳಿಗ್ಗೆ ಹಾಸಿಗೆಯಿಂದಿಳಿದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಯಲ್ಲಿ ಮೊಳೆ ಚುಚ್ಚಿದಂತಾಗಿ, ನಾಲ್ಕು ಹೆಜ್ಜೆ ನಡೆದ ಮೇಲೆ ಕಡಿಮೆಯಾಗುವ ನೋವು 40ರಿಂದ 60ರ ವಯಸ್ಸಿನವರಲ್ಲಿ, ಅದರಲ್ಲೂ ಗಟ್ಟಿ ನೆಲದ ಮೇಲೆ ನಿಂತು ದುಡಿಯುವವರಲ್ಲಿ, ಅತಿ ಸಾಮಾನ್ಯ. ಹಾಸಿಗೆಯಿಂದ ಇಳಿಯುವ ಮೊದಲೇ ಪಾದವನ್ನು ಇನ್ನೊಂದು ತೊಡೆಯ ಮೇಲಿಟ್ಟು ಕಾಲ್ಬೆರಳುಗಳನ್ನು ಕೈಯಿಂದ ಹಿಂದಕ್ಕೆ ಎಳೆದು ಹತ್ತು ಎಣಿಸುವವರೆಗೆ ಹಿಡಿಯಿರಿ, ಹೀಗೆ ಹತ್ತು ಸಲ ಮಾಡಿ. ಗೋಡೆಗೆ ಕೈಯೂರಿ ಮೀನಖಂಡವನ್ನು ಹಿಗ್ಗಿಸುವುದೂ ಅಷ್ಟೇ ಮುಖ್ಯ. ಮನೆಯಲ್ಲಿ ಮೊಸಾಯಿಕ್ ಅಥವಾ ಗ್ರಾನೈಟ್ ನೆಲದ ಮೇಲೆ ಬರಿಗಾಲಲ್ಲಿ ನಡೆಯದೆ ಮೆತ್ತನೆಯ ಚಪ್ಪಲಿ ಹಾಕಿಕೊಳ್ಳಿ. ಡ್ಯೂಟಿಯ ಚಪ್ಪಲಿಗೆ ಹಣ ಉಳಿಸಬೇಡಿ. ಬೆರಳು ಮುಚ್ಚಿರುವ, ಹಿಂದೆ ಪಟ್ಟಿ ಅಥವಾ ಹಿಮ್ಮಡಿಯ ಆಸರೆ ಇರುವ, ಒದ್ದೆ ನೆಲದಲ್ಲಿ ಜಾರದ ಅಡಿಯಿರುವ, ಎರಡು ಮೂರು ಸೆಂಟಿಮೀಟರ್ ಎತ್ತರದ ಶೂ ಬೇಕು. ಪೂರ್ತಿ ಚಪ್ಪಟೆಯಾದ ರಬ್ಬರ್ ಚಪ್ಪಲಿ ಹಿಮ್ಮಡಿಯನ್ನೂ ಉಳಿಸದು, ಮೇಲೆ ಬಿದ್ದ ಸೂಜಿಯನ್ನೂ ತಡೆಯದು. ಪಾದ ಊದಿರುವ ಸಂಜೆಯ ಹೊತ್ತಿನಲ್ಲಿ ಕೊಳ್ಳಿ, ಸಾಧ್ಯವಾದರೆ ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಬದಲಿಸಿ.

ಕಾಲಿನಲ್ಲಿ ನೀಲಿ ನರಗಳು ಉಬ್ಬಿ ಸಂಜೆಗೆ ಭಾರವಾಗುವವರು ಕಾಲನ್ನು ಬಿಗಿಯುವ ಸ್ಟಾಕಿಂಗ್ಸ್ ಅನ್ನು ಬೆಳಿಗ್ಗೆ ಊತ ಬರುವ ಮೊದಲೇ ಹಾಕಿಕೊಳ್ಳಬೇಕು. ಸಕ್ಕರೆ ಕಾಯಿಲೆಯಿದ್ದರೆ ಅಥವಾ ಪಾದದ ನಾಡಿ ಕ್ಷೀಣವಾಗಿದ್ದರೆ ವೈದ್ಯರನ್ನು ಕೇಳದೆ ಹಾಕಬಾರದು. ಕೇಸ್ ಶೀಟ್ ಬರೆಯುವಾಗ ಕಾಲನ್ನು ಚಿಕ್ಕ ಸ್ಟೂಲಿನ ಮೇಲಿಡಿ, ನಿಂತೇ ಇರಬೇಕಾದಾಗ ಹಿಮ್ಮಡಿ ಎತ್ತಿ ಇಳಿಸಿ.

ಹೇಳಲು ನಾಚುವ ವಿಷಯವೊಂದಿದೆ; ಅದನ್ನು ಇಲ್ಲಿ ಬಿಡಲಾರೆ. ಎರಡು ಹೆರಿಗೆಯಾದ, ಮುಟ್ಟು ನಿಲ್ಲುವ ಹಂತದ ಅನೇಕ ಸಿಸ್ಟರ್‌ಗಳಿಗೆ ರೋಗಿಯನ್ನು ಸರಿಸುವಾಗ, ಕೆಮ್ಮಿದಾಗ ಮೂತ್ರ ಸೋರುತ್ತದೆ. ಅದಕ್ಕೆಂದೇ ನೀರು ಕುಡಿಯುವುದನ್ನು ಬಿಡುತ್ತಾರೆ, ಪಾಳಿಯ ಪೂರ್ತಿ ಮೂತ್ರ ತಡೆಯುತ್ತಾರೆ, ಕೊನೆಗೆ ಉರಿಮೂತ್ರ ಬರುತ್ತದೆ. ಮೂತ್ರ ತಡೆಯಲು ಬಳಸುವ ಸ್ನಾಯುಗಳನ್ನು ಬಿಗಿಹಿಡಿದು ಐದಾರು ಎಣಿಸಿ ಸಡಿಲಿಸುವ ಕೆಗಲ್ ವ್ಯಾಯಾಮವನ್ನು ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಹತ್ತು ಸಲದಂತೆ ಮೂರು ತಿಂಗಳು ಬಿಡದೆ ಮಾಡಿದರೆ ಹೆಚ್ಚಿನವರಿಗೆ ಗುಣ ಕಾಣುತ್ತದೆ. ಭಾರ ಸರಿಸುವ ಕ್ಷಣಕ್ಕೆ ಮೊದಲೇ ಆ ಸ್ನಾಯುಗಳನ್ನು ಬಿಗಿಹಿಡಿದು, ಉಸಿರು ಕಟ್ಟದೆ ಉಸಿರು ಬಿಡುತ್ತಾ ತಳ್ಳಿ. ಮೂರ್ನಾಲ್ಕು ಗಂಟೆಗೊಮ್ಮೆ ಶೌಚಾಲಯಕ್ಕೆ ಹೋಗಿಬರುವುದು ರೌಂಡ್ಸ್‌ನಷ್ಟೇ ಡ್ಯೂಟಿಯ ಭಾಗವೆಂದು ಪರಸ್ಪರ ಒಪ್ಪಿಕೊಂಡು ಒಬ್ಬರಿಗೊಬ್ಬರು ವಾರ್ಡ್ ನೋಡಿಕೊಳ್ಳಿ.

ಭುಜ ಬಿಗಿದು ಕೈ ಹಿಂದಕ್ಕೆ ಹೋಗದಿರುವುದು, ಬ್ಲೌಸಿನ ಹುಕ್ ಹಾಕಲು ಆಗದಿರುವುದು ಈ ವಯಸ್ಸಿನಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಲ್ಲಿ ಹೆಚ್ಚು. ಡ್ರಿಪ್ ಸ್ಟ್ಯಾಂಡನ್ನು ಕೆಳಗಿಳಿಸಿ ಬಾಟಲಿ ತೂಗುಹಾಕಿ ಮತ್ತೆ ಏರಿಸುವುದರಿಂದ ಭುಜಕ್ಕೆ ಎಷ್ಟೋ ವಿಶ್ರಾಂತಿ. ಆಂಪೂಲ್ (ಔಷಧಿಯ ಚಿಕ್ಕ ಗಾಜಿನ ಸೀಸೆ) ಮುರಿಯುವಾಗ ಹೆಬ್ಬೆರಳಿನ ಬುಡ ನೋಯುತ್ತಿದ್ದರೆ ಕಟ್ಟರ್ ಬಳಸಿ. ಕಣ್ಣಿನ ವಿಷಯದಲ್ಲಿ ಮಾತ್ರ ಯಾವ ರಾಜಿಯೂ ಬೇಡ. ನಲವತ್ತರ ಆಚೀಚೆ ಹತ್ತಿರದ ಅಕ್ಷರ ಮಸುಕಾಗುವುದು ಎಲ್ಲರಿಗೂ ಬರುವಂಥದ್ದು. ಮಂದ ಬೆಳಕಿನ ರಾತ್ರಿ ಪಾಳಿಯಲ್ಲಿ ಆಂಪೂಲಿನ ಚೀಟಿ ಓದಲು ಕಷ್ಟವಾದರೆ ಅಪಾಯ ರೋಗಿಗೆ. ಓದುವ ಕನ್ನಡಕವನ್ನು ದಾರ ಹಾಕಿ ಕುತ್ತಿಗೆಯಲ್ಲೇ ಇಟ್ಟುಕೊಳ್ಳಿ.

ರಾತ್ರಿ ಪಾಳಿ

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ರಾತ್ರಿ ಪಾಳಿಯ ದುಡಿಮೆಯನ್ನು 2007ರಲ್ಲಿ, ಮತ್ತೆ 2019ರಲ್ಲಿ, ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್ ತರಬಲ್ಲವುಗಳ ಗುಂಪಿಗೆ ಸೇರಿಸಿದೆ. ಇದನ್ನು ಓದಿ ಗಾಬರಿಯಾಗಬೇಕಿಲ್ಲ, ಆದರೆ ಸ್ತನ ಪರೀಕ್ಷೆಯನ್ನು ಮುಂದೂಡಬಾರದು. ಪಾಳಿಗಳು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಕ್ರಮದಲ್ಲಿ ಮುಂದಕ್ಕೆ ಸರಿಯುವಂತೆ ಪಟ್ಟಿ ಹಾಕಿಸಿಕೊಂಡರೆ ದೇಹ ಹೊಂದಿಕೊಳ್ಳುವುದು ಸುಲಭ. ರಾತ್ರಿ ಡ್ಯೂಟಿಗೆ ಹೊರಡುವ ಮೊದಲು ಮಧ್ಯಾಹ್ನ ಒಂದೂವರೆ ಗಂಟೆ ಮಲಗಿ. ಪಾಳಿಯ ನಡುವೆ, ಆಸ್ಪತ್ರೆಯ ನಿಯಮಕ್ಕೆ ಒಳಪಟ್ಟು ಮತ್ತು ಜೊತೆಯವರು ಎಚ್ಚರವಿರುವಾಗ, 20–30 ನಿಮಿಷ ಕಣ್ಣು ಮುಚ್ಚಿದರೆ ಸಾಕು; ಅದಕ್ಕಿಂತ ಹೆಚ್ಚಾದರೆ ಏಳುವಾಗ ಮಂಪರು ಕವಿಯುತ್ತದೆ. ಕಾಫಿ, ಟೀಯಲ್ಲಿನ ಕೆಫೀನ್ ಅರ್ಧದಷ್ಟು ಇಳಿಯಲು ಸುಮಾರು ಐದು ಗಂಟೆ ಬೇಕಾದ್ದರಿಂದ ನಡುರಾತ್ರಿ ಎರಡು ಗಂಟೆಯ ನಂತರ ಬೇಡ. ಮುಂಜಾನೆ ಮೂರರಿಂದ ಐದರ ನಡುವೆ ಎಚ್ಚರ ಅತಿ ಕೆಳಕ್ಕೆ ಇಳಿದಿರುತ್ತದೆ. ಭಾರದ ಕೆಲಸವನ್ನೂ ಲೆಕ್ಕ ಹಾಕಿ ಕೊಡುವ ಔಷಧಿಯನ್ನೂ ಆ ಹೊತ್ತಿನಲ್ಲಿ ಒಬ್ಬರೇ ಮಾಡಬೇಡಿ. ಬೆಳಿಗ್ಗೆ ನಿದ್ದೆಗಣ್ಣಿನಲ್ಲಿ ಸ್ಕೂಟರ್ ಓಡಿಸುವುದಕ್ಕಿಂತ ಬಸ್ಸು ಹಿಡಿಯುವುದು ಲೇಸು.

ಊಟ, ಬಲ, ಮನೆ

ವಾರ್ಡಿನಲ್ಲಿ ದಿನವಿಡೀ ಓಡಾಡುವುದರಿಂದ ಬೇರೆ ವ್ಯಾಯಾಮ ಬೇಡ ಎಂಬ ನಂಬಿಕೆ ತಪ್ಪು. ಓಡಾಟ ಸುಸ್ತು ತರುತ್ತದೆಯೇ ಹೊರತು ಸ್ನಾಯುವಿನ ಬಲ ಹೆಚ್ಚಿಸುವುದಿಲ್ಲ. ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅದಕ್ಕೆ ಜಿಮ್ಮು ಬೇಕಿಲ್ಲ. ಕೈ ಆನಿಸದೆ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಯೂರಿ ದಂಡ ಹೊಡೆಯುವುದು, ಅಂಗಾತ ಮಲಗಿ ಮಂಡಿ ಮಡಿಸಿ ಸೊಂಟ ಮೇಲೆತ್ತುವುದು, ಒಂದು ಲೀಟರ್ ನೀರಿನ ಬಾಟಲಿ ಹಿಡಿದು ತೋಳು ಮಡಿಸುವುದು, ಇಷ್ಟನ್ನು ಹತ್ತತ್ತು ಸಲದಂತೆ ಎರಡು ಸುತ್ತು ಮಾಡಲು ಕಾಲು ಗಂಟೆ ಸಾಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಶಿಫಾರಸಿನಂತೆ ಕಿಲೋ ತೂಕಕ್ಕೆ 0.83 ಗ್ರಾಂ, ಅಂದರೆ 60 ಕಿಲೋ ತೂಗುವವರಿಗೆ ದಿನಕ್ಕೆ 50 ಗ್ರಾಂ ಪ್ರೋಟೀನ್ ಬೇಕು. ಟೀ, ಬನ್ನು, ಚಿತ್ರಾನ್ನದಲ್ಲಿ ಅದು ಸಿಗದು. ಡಬ್ಬಿಯಲ್ಲಿ ಮೊಳಕೆ ಹೆಸರುಕಾಳು, ಬೇಯಿಸಿದ ಮೊಟ್ಟೆ, ಹುರಿಗಡಲೆ, ಮೊಸರು ಇರಲಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದರಿಂದ ಮುದ್ದೆಯೋ ಅಂಬಲಿಯೋ ಮೂಳೆಗೆ ಒಳ್ಳೆಯದು.

ಮನೆಗೆ ಬಂದ ಮೇಲೆ ಶುರುವಾಗುವ ಎರಡನೆಯ ಪಾಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಇಲ್ಲಿ ಹೇಳಿದ್ದೆಲ್ಲ ವ್ಯರ್ಥ. ತುಂಬಿದ ಅಡುಗೆ ಅನಿಲದ ಸಿಲಿಂಡರ್ ಒಟ್ಟು 30 ಕಿಲೋದಷ್ಟು ತೂಗುತ್ತದೆ. ಅದನ್ನು ಎತ್ತುವುದು, ನೀರಿನ ಕ್ಯಾನ್ ಮಹಡಿಗೆ ಹೊರುವುದು, ಒದ್ದೆ ಬಟ್ಟೆಯ ಬಕೆಟ್ ಹಿಡಿದು ತಾರಸಿ ಹತ್ತುವುದು ನಿಮ್ಮದೇ ಕೆಲಸವಾಗಿರಬೇಕಿಲ್ಲ. ಗಂಡ, ಬೆಳೆದ ಮಕ್ಕಳು ಮಾಡಲಿ. ರಾತ್ರಿ ಡ್ಯೂಟಿ ಮುಗಿಸಿ ಬಂದವರ ಹಗಲು ನಿದ್ದೆಯನ್ನು ಮನೆಯವರು ಕಾಯಬೇಕು, ಬಾಗಿಲು ಕಿಟಕಿ ಕತ್ತಲಾಗಿಸಿ ಫೋನು ದೂರವಿಡಬೇಕು.

ನೋವು ಬಂದಾಗ

ಸೊಂಟ ಹಿಡಿದಾಗ ಒಂದೆರಡು ದಿನಕ್ಕಿಂತ ಹೆಚ್ಚು ಹಾಸಿಗೆ ಹಿಡಿಯಬೇಡಿ. ಬಿಸಿ ಶಾಖ ಕೊಟ್ಟು, ನೋವು ಸಹಿಸುವಷ್ಟು ನಡೆದಾಡಿದವರು ಬೇಗ ಚೇತರಿಸುತ್ತಾರೆ. ನಮ್ಮ ಕೈಗೆ ಔಷಧಿ ಸುಲಭವಾಗಿ ಸಿಗುವುದೇ ನಮಗೆ ಅಪಾಯ. ನೋವು ನಿವಾರಕ ಡೈಕ್ಲೋಫೆನಾಕ್ ಚುಚ್ಚಿಸಿಕೊಂಡು ಮತ್ತೆ ಡ್ಯೂಟಿಗೆ ನಿಲ್ಲುವ ಅಭ್ಯಾಸ ಜಠರ, ಮೂತ್ರಪಿಂಡ, ರಕ್ತದೊತ್ತಡ ಮೂರನ್ನೂ ಕೆಡಿಸುತ್ತದೆ, ನೋವಿನ ಎಚ್ಚರಿಕೆಯನ್ನು ಮರೆಮಾಡಿ ಪೆಟ್ಟನ್ನು ದೊಡ್ಡದು ಮಾಡುತ್ತದೆ. ನೋವಿಲ್ಲದವರು ಮುಂಜಾಗ್ರತೆಯೆಂದು ಸೊಂಟದ ಬೆಲ್ಟ್ ಕಟ್ಟಿಕೊಳ್ಳುವುದರಿಂದ ರಕ್ಷಣೆ ಸಿಗುತ್ತದೆ ಎನ್ನಲು ಆಧಾರ ಸಾಲದೆಂದು ನಯೋಶ್ 1994ರಲ್ಲೇ ಹೇಳಿದೆ. ನೋವು ಮಂಡಿಯ ಕೆಳಗೆ ಇಳಿದರೆ, ಪಾದ ಎತ್ತಲು ಬಲ ಸಾಲದಿದ್ದರೆ ತಡಮಾಡದೆ ಮೂಳೆ ತಜ್ಞರನ್ನು ನೋಡಿ. ಮಲಮೂತ್ರದ ಹಿಡಿತ ತಪ್ಪಿದರೆ ಅಥವಾ ತೊಡೆಸಂದಿಯ ಸುತ್ತ ಸ್ಪರ್ಶ ತಿಳಿಯದಂತಾದರೆ ಅದೇ ದಿನ, ಅದೇ ಗಂಟೆಯಲ್ಲಿ ತುರ್ತು ಚಿಕಿತ್ಸೆಗೆ ಹೋಗಬೇಕು.

ಮೈಗೆ ಪೆಟ್ಟಾಗುವುದಕ್ಕೆ ವಾರ್ಡಿನಲ್ಲಿ ಜನ ಸಾಲದಿರುವುದೂ ಕಾರಣ. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದಂತೆ ಸಾಮಾನ್ಯ ವಾರ್ಡಿನಲ್ಲಿ ಬೋಧನಾ ಆಸ್ಪತ್ರೆಯಾದರೆ 3 ರೋಗಿಗಳಿಗೆ, ಇತರ ಆಸ್ಪತ್ರೆಯಾದರೆ 5 ರೋಗಿಗಳಿಗೆ ಒಬ್ಬರು ನರ್ಸ್ ಇರಬೇಕು, ರಜೆಯವರ ಬದಲಿಗೆಂದು ಶೇ. 30ರಷ್ಟು ಹೆಚ್ಚುವರಿ ಸಿಬ್ಬಂದಿ ಬೇಕು. ನರ್ಸಿಂಗ್ ಸೂಪರಿಂಟೆಂಡೆಂಟರ ಬಳಿ ಮಾತನಾಡುವಾಗ ಈ ಸಂಖ್ಯೆ ಮತ್ತು ನಿಮ್ಮ ವಾರ್ಡಿನ ನಿಜವಾದ ಸಂಖ್ಯೆ ಎರಡೂ ಕಾಗದದ ಮೇಲಿರಲಿ. ಡಿಸ್ಕ್ ಅಥವಾ ಮಂಡಿಯ ತೊಂದರೆ ಖಚಿತವಾದವರು ವೈದ್ಯಕೀಯ ಪ್ರಮಾಣಪತ್ರದೊಂದಿಗೆ ಹೊರರೋಗಿ ವಿಭಾಗ, ಲಸಿಕಾ ಕೊಠಡಿ, ಸೋಂಕು ನಿಯಂತ್ರಣ, ಡಯಾಲಿಸಿಸ್, ತರಬೇತಿಯಂಥ ಕಡೆಗೆ ಬದಲಿಸಿಕೊಡುವಂತೆ ಲಿಖಿತವಾಗಿ ಕೇಳಿ. ಬಾಯಿಮಾತಿನ ಮನವಿ ಪಟ್ಟಿ ಹಾಕುವ ದಿನ ಮರೆತುಹೋಗುತ್ತದೆ. ಡ್ಯೂಟಿಯಲ್ಲಿ ಪೆಟ್ಟಾದರೆ, ಅದು ಎಷ್ಟೇ ಚಿಕ್ಕದೆನಿಸಿದರೂ, ಯಾವ ಹೊತ್ತಿನಲ್ಲಿ, ಯಾವ ಮಂಚದ ಬಳಿ, ಏನು ಮಾಡುವಾಗ ಆಯಿತೆಂದು ಅದೇ ಪಾಳಿಯಲ್ಲಿ ವರದಿ ಪುಸ್ತಕದಲ್ಲಿ ಬರೆದು ಪ್ರತಿ ಇಟ್ಟುಕೊಳ್ಳಿ. ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯ ಖಾಸಗಿ ಆಸ್ಪತ್ರೆಗಳಲ್ಲಿ, ತಿಂಗಳಿಗೆ 21,000 ರೂಪಾಯಿಯ ವೇತನ ಮಿತಿಯೊಳಗೆ ವಿಮೆಗೆ ಸೇರಿದವರಿಗೆ, ಕೆಲಸದಲ್ಲಾದ ಪೆಟ್ಟಿನಿಂದ ದುಡಿಯಲಾಗದ ದಿನಗಳಿಗೆ ವೇತನದ ಶೇ. 90ರಷ್ಟು ಸಿಗುತ್ತದೆ, ಸಾಮಾನ್ಯ ಕಾಯಿಲೆಯೆಂದು ದಾಖಲಾದರೆ ಸಿಗುವುದು ಶೇ. 70, ಅದೂ ವರ್ಷಕ್ಕೆ 91 ದಿನಗಳವರೆಗೆ ಮಾತ್ರ. ಆ ಪೆಟ್ಟು ಡ್ಯೂಟಿಯಲ್ಲೇ ಆದದ್ದೆಂದು ತೋರಿಸಲು ನಿಮ್ಮ ಬಳಿ ಇರುವ ಮೊದಲ ದಾಖಲೆ ಆ ವರದಿ ಪುಸ್ತಕದ ಸಾಲುಗಳೇ.